ಸಂಘರ್ಷ ವಲಯದ ಮಕ್ಕಳ ಕಲಿಕೆ ಕುಸಿಯುವುದು ಎಲ್ಲಿ? ಅಳೆಯುವುದು ಹೇಗೆ, ತುಂಬಿಕೊಡುವುದು ಹೇಗೆ?

ತಿಳಿಗೊಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಯುದ್ಧ, ಅಂತರ್ಯುದ್ಧ ನಡೆದ ಪ್ರದೇಶಗಳ ಮಕ್ಕಳ ಶಾಲೆ ಮತ್ತು ಕಲಿಕೆಯ ಬಗ್ಗೆ ಶಿಕ್ಷಕರ ತರಬೇತಿಗೆ ಓದುಸಾಮಗ್ರಿ ಸಿದ್ಧಪಡಿಸುತ್ತಿದ್ದೇನೆ. ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಬಿಡಿಸಿ ಹೇಳಬೇಕು.

ಹೆಚ್ಚಿನ ಅಧ್ಯಯನಗಳು "ಇಷ್ಟು ವರ್ಷದ ಶಾಲೆ ತಪ್ಪಿತು" ಎಂದು ಲೆಕ್ಕ ಕೊಡುತ್ತವೆ. ಕಲಿಕೆಯ ನಷ್ಟವೂ ಅಷ್ಟೇ ಎಂದುಕೊಳ್ಳಬಹುದೇ? ಶಾಲೆಯ ಕಟ್ಟಡಕ್ಕೆ ಏನೂ ಆಗದ, ತರಗತಿಗಳೂ ನಡೆದ ಊರುಗಳಲ್ಲಿ ಅಂಕ ಏಕೆ ಬೀಳುತ್ತದೆ? ಒಂದು ದೇಶದಲ್ಲಿ ಹೆಣ್ಣುಮಕ್ಕಳ ಓದು ನಿಂತಿದೆ, ಇನ್ನೊಂದರಲ್ಲಿ ಗಂಡುಮಕ್ಕಳದ್ದು. ಇದಕ್ಕೇನು ಕಾರಣ? ಕೊನೆಯದಾಗಿ, ಎರಡು ಮೂರು ವರ್ಷ ಶಾಲೆ ಬಿಟ್ಟ ಮಗು ಮರಳಿ ಬಂದಾಗ ವಯಸ್ಸಿಗೆ ತಕ್ಕ ತರಗತಿಗೆ ಹಾಕಬೇಕೇ, ಬಿಟ್ಟಲ್ಲಿಗೇ ಹಾಕಬೇಕೇ?

ಎಣಿಕೆಮನೆ

ಅಳತೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಓದಿದ ವರ್ಷ ಬೇರೆ, ಕಲಿತದ್ದು ಬೇರೆ. ಎರಡನ್ನೂ ಬೇರೆ ಬೇರೆ ದತ್ತಾಂಶದಿಂದ ಅಳೆಯಬೇಕು, ಎರಡರಲ್ಲೂ ಬೀಳುವ ಗುಂಡಿಗಳೂ ಬೇರೆ.

ವರ್ಷಗಳ ಲೆಕ್ಕ ಸಾಮಾನ್ಯವಾಗಿ ಮನೆಮನೆ ಸಮೀಕ್ಷೆಯಿಂದ ಬರುತ್ತದೆ. ರುವಾಂಡಾದ 1994ರ ನರಮೇಧದ ಬಗ್ಗೆ ರಿಚರ್ಡ್ ಆಕ್ರೆಶ್ ಮತ್ತು ಡೇಮಿಯನ್ ಡಿ ವಾಲ್ಕ್ ಮಾಡಿದ ಕೆಲಸ ಇದಕ್ಕೆ ಒಳ್ಳೆಯ ಮಾದರಿ. 1992 ಮತ್ತು 2000ರ ಸಮೀಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಶಾಲಾ ವಯಸ್ಸಿನಲ್ಲಿ ನರಮೇಧಕ್ಕೆ ಸಿಕ್ಕಿದ ಮಕ್ಕಳು ಹೆಚ್ಚುಕಡಿಮೆ ಅರ್ಧ ವರ್ಷದ ಶಿಕ್ಷಣ ಕಳೆದುಕೊಂಡರು, ಮೂರನೇ ಅಥವಾ ನಾಲ್ಕನೇ ತರಗತಿ ಮುಗಿಸುವ ಸಾಧ್ಯತೆ 15 ಶೇಕಡಾಂಶ ಕುಸಿಯಿತು ಎಂದು ಅವರು ತೋರಿಸಿದರು. ಅರ್ಧ ವರ್ಷ ಎಂದರೆ ಸಣ್ಣದು ಎನಿಸಬಹುದು. ಆದರೆ ಅದು ಸರಾಸರಿ. ಎಲ್ಲರಿಗೂ ಆರಾರು ತಿಂಗಳು ತಪ್ಪಿತು ಎಂದು ಓದಬೇಡಿ. ಸಾಮಾನ್ಯವಾಗಿ ಕೆಲವರು ಏನೂ ಕಳೆದುಕೊಂಡಿರುವುದಿಲ್ಲ, ಕೆಲವರ ಓದು ಪೂರ್ತಿ ನಿಂತಿರುತ್ತದೆ.

ಇಂಥ ಲೆಕ್ಕಕ್ಕೆ ಹೆಚ್ಚಾಗಿ ಬಳಸುವ ಇನ್ನೊಂದು ವಿಧಾನದ ಒಳಗುಟ್ಟು ನಾಲ್ಕು ಗುಂಪುಗಳು. ಹೆಚ್ಚು ಹಿಂಸೆ ಕಂಡ ಜಿಲ್ಲೆಯಲ್ಲಿ ಆಗ ಶಾಲಾ ವಯಸ್ಸಿನಲ್ಲಿದ್ದವರು, ಅದೇ ಜಿಲ್ಲೆಯಲ್ಲಿ ಆಗಲೇ ಶಾಲೆ ದಾಟಿದ್ದವರು. ಹಾಗೆಯೇ ಕಡಿಮೆ ಹಿಂಸೆ ಕಂಡ ಜಿಲ್ಲೆಯಲ್ಲಿ ಇಂಥವೇ ಎರಡು ಗುಂಪು. ಮೊದಲ ಜೋಡಿಯ ವ್ಯತ್ಯಾಸದಿಂದ ಎರಡನೇ ಜೋಡಿಯ ವ್ಯತ್ಯಾಸ ಕಳೆದರೆ ಉಳಿಯುವುದು ಸಂಘರ್ಷದ ಪಾಲು. ನಂಬುವ ಮುನ್ನ ಒಂದು ಪರೀಕ್ಷೆ ಕಡ್ಡಾಯ: ಸಂಘರ್ಷಕ್ಕೆ ಮೊದಲೇ ಶಾಲೆ ದಾಟಿದ್ದ ಎರಡು ಹಿರಿಯ ತಲೆಮಾರುಗಳನ್ನು ಹಿಡಿದು ಇದೇ ಲೆಕ್ಕ ಮಾಡಿ. ಉತ್ತರ ಸೊನ್ನೆಗೆ ಹತ್ತಿರ ಬರಬೇಕು. ಬರದಿದ್ದರೆ ಆ ಜಿಲ್ಲೆಗಳು ಮೊದಲಿನಿಂದಲೂ ಬೇರೆ ಬೇರೆ ದಾರಿಯಲ್ಲಿದ್ದವು ಎಂದರ್ಥ, ಯುದ್ಧದ ತಲೆಗೆ ಕಟ್ಟುವಂತಿಲ್ಲ.

ಹೆಚ್ಚು ತಪ್ಪಾಗುವುದು ವಲಸೆಯಲ್ಲಿ. ಸಮೀಕ್ಷೆ ಬರೆದುಕೊಳ್ಳುವುದು ಈಗ ಇರುವ ಊರನ್ನು. ಕೆಟ್ಟ ಹಿಂಸೆ ಕಂಡವರು ಓಡಿಬಂದು ಸುರಕ್ಷಿತ ಊರಲ್ಲಿ ಎಣಿಕೆಗೆ ಸಿಕ್ಕಿದರೆ, ಎರಡು ಊರುಗಳ ವ್ಯತ್ಯಾಸ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಹುಟ್ಟಿದ ಊರು ಅಥವಾ ಸಂಘರ್ಷ ಶುರುವಾದ ವರ್ಷ ಇದ್ದ ಊರು ದಾಖಲಾಗಿದ್ದರೆ ಅದನ್ನೇ ಬಳಸಿ. ಜನನ ದಾಖಲೆ ಇಲ್ಲದ ಕಡೆ ವಯಸ್ಸನ್ನು 10, 15, 20 ಎಂದು ದುಂಡಗೆ ಹೇಳುವುದರಿಂದ ತಲೆಮಾರುಗಳ ಗಡಿಯೂ ಕಲೆಸಿಹೋಗುತ್ತದೆ.

ಇನ್ನು ಅಂಕ. ಸಂಘರ್ಷದ ವರ್ಷದಲ್ಲಿ "ಪರೀಕ್ಷೆ ಬರೆದವರಲ್ಲಿ ಪಾಸಾದವರು" ಎಂಬ ಶೇಕಡಾವಾರನ್ನು ದಯವಿಟ್ಟು ಹಾಗೇ ಬಳಸಬೇಡಿ. ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ: ಶಾಂತಿಯ ವರ್ಷದಲ್ಲಿ ದಾಖಲಾದವರು 100, ಬರೆದವರು 95, ಪಾಸಾದವರು 70. ಬರೆದವರ ಲೆಕ್ಕದಲ್ಲಿ ಸುಮಾರು ಶೇ. 74. ಹಿಂಸೆಯ ವರ್ಷದಲ್ಲಿ ದಾಖಲಾದವರು 100, ಬರೆದವರು 60, ಪಾಸಾದವರು 48. ಬರೆದವರ ಲೆಕ್ಕದಲ್ಲಿ ಶೇ. 80! ಹಿಂದುಳಿದವರು ಪರೀಕ್ಷೆಗೇ ಬರಲಿಲ್ಲ, ಫಲಿತಾಂಶ "ಸುಧಾರಿಸಿತು". ಛೇದದಲ್ಲಿ ವರ್ಷದ ಆರಂಭದ ಹಾಜರಿ ಪಟ್ಟಿಯ ಸಂಖ್ಯೆ ಇಟ್ಟರೆ 70ರಿಂದ 48ಕ್ಕೆ ಇಳಿದದ್ದು ಕಾಣುತ್ತದೆ.

ಇಂಥದ್ದೇ ಎಚ್ಚರಿಕೆ ಉಕ್ರೇನಿನ ಪಿಸಾ (ಹದಿನೈದರ ವಯಸ್ಸಿನ ಮಕ್ಕಳ ಅಂತರರಾಷ್ಟ್ರೀಯ ಪರೀಕ್ಷೆ) ಅಂಕಗಳಿಗೂ ಬೇಕು. ಓದಿನಲ್ಲಿ 2018ರಲ್ಲಿ 466 ಇದ್ದದ್ದು 2022ರಲ್ಲಿ 428ಕ್ಕೆ ಇಳಿಯಿತು. ಆದರೆ 2022ರಲ್ಲಿ ಪರೀಕ್ಷೆ ನಡೆಸಲು ಸಾಧ್ಯವಾದದ್ದು 27 ಪ್ರಾಂತ್ಯಗಳ ಪೈಕಿ 18ರಲ್ಲಿ. ನಡುವೆ ಕೋವಿಡ್ ಬೇರೆ ಬಂದುಹೋಗಿತ್ತು. ಕುಸಿತ ನಿಜ, ಆದರೆ ಆ 38 ಅಂಕವನ್ನೂ ಯುದ್ಧದ ಖಾತೆಗೆ ಬರೆಯುವುದು ಸರಿಯಲ್ಲ.

ಮಣೆಬಳಪ

ಎಣಿಕೆಮನೆಯವರ ಮಾತಿನ ಮುಂದುವರಿಕೆಯಾಗಿ, ಕಟ್ಟಡ ನಿಂತಿದ್ದರೂ ಅಂಕ ಏಕೆ ಬೀಳುತ್ತದೆ ಎಂಬುದಕ್ಕೆ.

ಎರಡು ಅಧ್ಯಯನಗಳನ್ನು ಜೊತೆಯಾಗಿ ಓದಿ. ಒಂದು ವೆಸ್ಟ್ ಬ್ಯಾಂಕಿನದು. 2000ದಲ್ಲಿ ಶುರುವಾದ ಎರಡನೇ ಇಂತಿಫಾದದ (ಇಸ್ರೇಲ್ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ) ವರ್ಷಗಳಲ್ಲಿ ಪ್ರೌಢಶಾಲೆಯ ಕೊನೆಯ ತೌಜೀಹಿ ಪರೀಕ್ಷೆ ಬರೆದ ಪ್ಯಾಲೆಸ್ತೀನಿ ವಿದ್ಯಾರ್ಥಿಗಳ ಫಲಿತಾಂಶವನ್ನು ಬ್ರೂಕ್, ದಿ ಮಾಯೊ ಮತ್ತು ಮಿಯಾರಿ ನೋಡಿದರು. ಆ ಶೈಕ್ಷಣಿಕ ವರ್ಷದಲ್ಲಿ ವಿದ್ಯಾರ್ಥಿಯ ಊರಿನಲ್ಲಿ ಸಾವುಗಳು ಹೆಚ್ಚಿದಷ್ಟೂ ಪಾಸಾಗುವ ಸಾಧ್ಯತೆ, ಒಟ್ಟು ಅಂಕ, ವಿಶ್ವವಿದ್ಯಾಲಯಕ್ಕೆ ಅರ್ಹತೆ ಪಡೆಯುವ ಸಾಧ್ಯತೆ ಮೂರೂ ಇಳಿದವು. ಕಾರಣಗಳಾಗಿ ಅವರು ಗುರುತಿಸಿದ್ದು ಶಾಲಾ ಸೌಲಭ್ಯ ಹದಗೆಟ್ಟದ್ದು ಮತ್ತು ಮಕ್ಕಳ ಮನಸ್ಥಿತಿ ಕುಸಿದದ್ದು. ಇನ್ನೊಂದು ರಿಯೊ ಡಿ ಜನೈರೊದ್ದು. ಅಲ್ಲಿ ದೇಶದೇಶಗಳ ಯುದ್ಧವಿಲ್ಲ, ಮಾದಕವಸ್ತು ಗುಂಪುಗಳ ಗುಂಡಿನ ಕಾಳಗ. ಮೊಂಟೇರೊ ಮತ್ತು ರೋಷಾ ಕಂಡದ್ದು: ಗಣಿತದ ಅಂಕ ಇಳಿಯುತ್ತದೆ. ಕಾಳಗ ಶಾಲೆಗೆ ಹತ್ತಿರವಾದಷ್ಟೂ, ದೀರ್ಘವಾದಷ್ಟೂ, ಪರೀಕ್ಷೆಯ ದಿನಕ್ಕೆ ಸಮೀಪವಾದಷ್ಟೂ ಇಳಿತ ಹೆಚ್ಚು. ಅದರ ಜೊತೆಗೆ ಶಿಕ್ಷಕರ ಗೈರುಹಾಜರಿ, ಮುಖ್ಯೋಪಾಧ್ಯಾಯರ ಪದೇ ಪದೇ ಬದಲಾವಣೆ, ಶಾಲೆ ಆಗಾಗ ಮುಚ್ಚುವುದು ಕೂಡ ಏರಿತು.

ಆ "ಪರೀಕ್ಷೆಯ ದಿನಕ್ಕೆ ಸಮೀಪ" ಎಂಬುದು ಶಿಕ್ಷಕರಿಗೆ ಬಹಳ ಮುಖ್ಯ. ಶಿಕಾಗೊದಲ್ಲಿ ಪ್ಯಾಟ್ರಿಕ್ ಶಾರ್ಕಿ ಮಾಡಿದ ಅಧ್ಯಯನದಲ್ಲಿ, ಮನೆಯ ಆಸುಪಾಸಿನಲ್ಲಿ ಕೊಲೆ ನಡೆದ ಒಂದು ವಾರದೊಳಗೆ ಪರೀಕ್ಷೆಗೆ ಕೂತ ಮಕ್ಕಳು ಶಬ್ದಜ್ಞಾನ ಮತ್ತು ಓದಿನಲ್ಲಿ ಗಣನೀಯವಾಗಿ ಕಡಿಮೆ ಅಂಕ ಪಡೆದರು. ಒಂದು ವಾರದಲ್ಲಿ ಮಗು ಕಲಿತದ್ದನ್ನು ಮರೆತಿರುವುದಿಲ್ಲ. ನಿದ್ದೆಗೆಟ್ಟ, ಸದ್ದಿಗೆ ಕಿವಿ ನೆಟ್ಟಿರುವ ಮಗುವಿಗೆ ಪ್ರಶ್ನೆಯ ಮೊದಲ ಭಾಗವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಎರಡನೆಯದನ್ನು ಓದುವುದೇ ಕಷ್ಟ. ಹಲವು ಹಂತದ ಲೆಕ್ಕಗಳಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಹಾಗಾಗಿ ದಾಳಿ ನಡೆದ ವಾರದ ಅಂಕವನ್ನು ಮಗುವಿನ ಮಟ್ಟ ಎಂದು ದಾಖಲಿಸಬಾರದು. ಮಂಡಳಿ ಪರೀಕ್ಷೆಯಾದರೆ ಮರುಪರೀಕ್ಷೆಯ ಅವಕಾಶ ಇರಲೇಬೇಕು. ಅದಿಲ್ಲದಿದ್ದರೆ ಒಂದು ವಾರದ ಭಯ ಮಗುವಿನ ಕಾಲೇಜನ್ನೇ ತಪ್ಪಿಸುತ್ತದೆ, ಇದು ಅನ್ಯಾಯ.

ಎರಡನೆಯದು ಪಾಠದ ಸಮಯ. ನಿರಾಶ್ರಿತರು ಬಂದು ಸೇರಿದ ಕಡೆ ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತದೆ. ಲೆಬನಾನ್ ಮತ್ತು ಜೋರ್ಡಾನ್ ಸಿರಿಯಾದ ಮಕ್ಕಳಿಗೆ ಹೀಗೆಯೇ ಜಾಗ ಮಾಡಿದವು. ದಿನಕ್ಕೆ ಐದೂವರೆ ಗಂಟೆಯ ಬದಲು ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. 180 ದಿನದಲ್ಲಿ 270 ಗಂಟೆ, ಅಂದರೆ ಸುಮಾರು 49 ಪೂರ್ಣ ಶಾಲಾ ದಿನ ಹೋಯಿತು. ಹಾಜರಿ ಪುಸ್ತಕದಲ್ಲಿ ಮಾತ್ರ ನೂರಕ್ಕೆ ನೂರು.

ಮೂರನೆಯದು ಶಿಕ್ಷಕರು. ಸಂಬಳ ತಿಂಗಳುಗಟ್ಟಲೆ ನಿಂತರೆ ಮೊದಲು ಹೊರಡುವವರು ಬೇರೆಡೆ ಕೆಲಸ ಸಿಗುವ ಗಣಿತ, ವಿಜ್ಞಾನದವರು. ಅವರ ಪಾಠವನ್ನು ಬೇರೆಯವರು ತೆಗೆದುಕೊಳ್ಳುತ್ತಾರೆ, ಇಲ್ಲವೇ ಆ ಅವಧಿ ಖಾಲಿ ಹೋಗುತ್ತದೆ. ಕಟ್ಟಡ ಕಟ್ಟಲು ದಾನಿಗಳು ಸಿಗುತ್ತಾರೆ, ಸಂಬಳ ಕೊಡಲು ಸಿಗುವುದು ಅಪರೂಪ. ನನ್ನ ಅಭಿಪ್ರಾಯದಲ್ಲಿ ನೆರವಿನ ಹಣದ ಮೊದಲ ಪಾಲು ಸಂಬಳಕ್ಕೇ ಹೋಗಬೇಕು.

"ಕಟ್ಟಡಕ್ಕೆ ಏನೂ ಆಗಿಲ್ಲ" ಎಂಬ ಮಾತನ್ನೂ ಪರಿಶೀಲಿಸಿ. ಪಡೆಗಳು ಕೆಲವು ವಾರ ತಂಗಿ ಹೋದ ಶಾಲೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಬೆಂಚುಗಳು ಸೌದೆಯಾಗಿರುತ್ತವೆ, ಶೌಚಾಲಯ ತುಂಬಿರುತ್ತದೆ, ದಾಖಲಾತಿ ಪುಸ್ತಕ ಸುಟ್ಟಿರುತ್ತದೆ, ಅಂಗಳದಲ್ಲಿ ಸಿಡಿಯದ ಮದ್ದುಗುಂಡು ಬಿದ್ದಿರಬಹುದು. ತರಬೇತಿ ಪಡೆದ ತಂಡ ನೋಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಯಾರೂ ಕಾಲಿಡಬಾರದು. ಶಿಕ್ಷಕರೋ ಪೋಷಕರೋ ಸೇರಿ "ಸ್ವಚ್ಛತಾ ಕೆಲಸ" ಶುರುಮಾಡುವುದೇ ದೊಡ್ಡ ಅಪಾಯ. ಇಂಥ ಸೇನಾ ಬಳಕೆ ತಡೆಯಲೆಂದೇ 2015ರ ಮೇ ತಿಂಗಳಲ್ಲಿ ಓಸ್ಲೊದಲ್ಲಿ ಸುರಕ್ಷಿತ ಶಾಲೆಗಳ ಘೋಷಣೆ ಹೊರಬಂತು. ಅದು ಕಾನೂನಿನ ಬಲವಿಲ್ಲದ ರಾಜಕೀಯ ವಚನ. ಕಾನೂನು ಬೇರೆ ಇದೆ: ಸೇನಾ ಗುರಿಯಲ್ಲದ ಶಾಲೆಯ ಮೇಲೆ ಉದ್ದೇಶಪೂರ್ವಕ ದಾಳಿ ಮಾಡುವುದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ ಪ್ರಕಾರ ಯುದ್ಧಾಪರಾಧ. ಸೈನಿಕರು ಬಂದು ಕೂತರೆ ಶಾಲೆ ಆ ರಕ್ಷಣೆಯನ್ನೇ ಕಳೆದುಕೊಳ್ಳಬಹುದು.

ಹೊಸಹಾಳೆ

ಹೆಣ್ಣು ಗಂಡಿನ ಪ್ರಶ್ನೆಗೆ: "ಯುದ್ಧದಿಂದ ಹೆಣ್ಣುಮಕ್ಕಳಿಗೇ ಹೆಚ್ಚು ನಷ್ಟ" ಎಂಬ ಒಂದೇ ಸಾಲು ಬರೆದು ಮುಗಿಸಬೇಡಿ. ಆ ಊರಿನಲ್ಲಿ ಯಾವ ಮಗುವನ್ನು ಯಾವುದು ಶಾಲೆಯಿಂದ ಎಳೆಯಿತು ಎಂದು ಕೇಳಬೇಕು.

ತಜಿಕಿಸ್ತಾನದ ಅಂತರ್ಯುದ್ಧದಲ್ಲಿ (1992–97) ಮನೆಗೆ ಹಾನಿಯಾದ ಕುಟುಂಬಗಳ ಹೆಣ್ಣುಮಕ್ಕಳ ದಾಖಲಾತಿ ಬಹಳ ಇಳಿಯಿತು, ಗಂಡುಮಕ್ಕಳದ್ದು ಅಷ್ಟಿಲ್ಲ ಎಂದು ಓಲ್ಗಾ ಶೆಮ್ಯಾಕಿನಾ ತೋರಿಸಿದ್ದಾರೆ. ದಾರಿಯ ಭಯ ಮತ್ತು ಕೈಯಲ್ಲಿ ಉಳಿದ ಅಲ್ಪ ಹಣವನ್ನು ಯಾರ ಮೇಲೆ ಹಾಕುವುದು ಎಂಬ ತೀರ್ಮಾನ, ಎರಡೂ ಹೆಣ್ಣುಮಕ್ಕಳ ವಿರುದ್ಧ ವಾಲುತ್ತವೆ. ಬೋಸ್ನಿಯಾದಲ್ಲಿ ಪ್ರಾಥಮಿಕ ಹಂತಕ್ಕೆ ಏಟು ಬೀಳಲಿಲ್ಲ, ಪ್ರೌಢಶಾಲೆ ಮುಗಿಸುವುದಕ್ಕೆ ಬಿತ್ತು. ಸೇನೆಗೆ ಸೇರುವ ವಯಸ್ಸಿನ ಹುಡುಗರನ್ನು ನೆನೆದರೆ ಅರ್ಥವಾಗುತ್ತದೆ. ಪೂರ್ವ ತಿಮೋರ್‌ನಲ್ಲಿ ಹಿಂಸೆಯ ದೀರ್ಘ ಪರಿಣಾಮ ಹೆಚ್ಚಾಗಿ ಪ್ರಾಥಮಿಕ ಶಾಲೆಯ ಹುಡುಗರ ಮೇಲೆ, ಕುಟುಂಬ ಉಳಿಯಲು ಅವರ ದುಡಿಮೆ ಬೇಕಾಯಿತು. ಉಗಾಂಡಾದಲ್ಲಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಅಪಹರಿಸಿದ ಹುಡುಗರ ಬಗ್ಗೆ ಬ್ಲಾಟ್‌ಮನ್ ಮತ್ತು ಆ್ಯನನ್ ಬರೆದಿರುವಂತೆ ಸುಮಾರು ಒಂದು ವರ್ಷದಷ್ಟು ಶಿಕ್ಷಣ ಹೋಯಿತು, ಮುಂದೆ ಗಳಿಕೆ ಮೂರನೇ ಒಂದರಷ್ಟು ಕುಗ್ಗಿತು.

ನೇಪಾಳ ಇನ್ನೂ ಸೂಕ್ಷ್ಮ. 1996–2006ರ ಸಂಘರ್ಷದಲ್ಲಿ ಸಾವುಗಳು ಹೆಚ್ಚಿದ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಏರಿದ್ದು ಕಂಡಿತು, ಆದರೆ ಮಾವೋವಾದಿಗಳ ಅಪಹರಣ ಹೆಚ್ಚಿದ್ದ ಕಡೆ ಪರಿಣಾಮ ತಿರುಗುಮುರುಗಾಯಿತು. ಒಂದೇ ದೇಶದಲ್ಲಿ, ಹಿಂಸೆಯ ಬಗೆ ಬದಲಾದರೆ ಫಲವೂ ಬದಲು.

ನಿಮ್ಮ ಸಾಮಗ್ರಿಯಲ್ಲಿ ವಯಸ್ಸಿಗೂ ಜಾಗ ಕೊಡಿ, ಅದನ್ನು ಬಹಳ ಜನ ಬಿಡುತ್ತಾರೆ. ಪೆರುವಿನ ಹಿಂಸೆಯ ಬಗ್ಗೆ ಜನ್ಮಾರ್ಕೊ ಲಿಯೊನ್ ಕಂಡುಕೊಂಡದ್ದು ಹೀಗೆ: ಗರ್ಭದಲ್ಲಿದ್ದಾಗ ಅಥವಾ ಶಾಲೆಗೆ ಸೇರುವ ಮೊದಲೇ ಹಿಂಸೆಗೆ ಸಿಕ್ಕವರು ದೊಡ್ಡವರಾದಾಗ ಸರಾಸರಿ 0.31 ವರ್ಷ ಕಡಿಮೆ ಓದಿದ್ದರು. ಶಾಲೆ ಶುರುವಾದ ಮೇಲೆ ಸಿಕ್ಕವರು ಮಾತ್ರ ಪೂರ್ತಿ ಚೇತರಿಸಿಕೊಂಡರು. ದಾರಿ ಹೊಟ್ಟೆಯ ಮೂಲಕವೂ ಇದೆ. ಯುದ್ಧ ಮತ್ತು ಬರ ಎರಡನ್ನೂ ಕಂಡ ಜಿಂಬಾಬ್ವೆಯ ಮಕ್ಕಳ ಅಧ್ಯಯನವೊಂದು ಶೈಶವದ ಅಪೌಷ್ಟಿಕತೆಯನ್ನು ಸುಮಾರು 3.4 ಸೆಂ.ಮೀ. ಎತ್ತರ ಮತ್ತು 0.85 ತರಗತಿಯಷ್ಟು ಓದಿನ ನಷ್ಟಕ್ಕೆ ಜೋಡಿಸಿತು. ಅಂದರೆ ಶಾಂತಿ ಬಂದು ಐದಾರು ವರ್ಷವಾದ ಮೇಲೆ ಒಂದನೇ ತರಗತಿಗೆ ಬರುವ ಮಗು, ಯುದ್ಧವನ್ನು ನೆನಪಿಡದ ಮಗು, ಅದರ ಭಾರ ಹೊತ್ತಿರಬಹುದು. ಶಾಲೆ ತೆರೆದ ಮೊದಲೆರಡು ವರ್ಷಕ್ಕಷ್ಟೇ ನೆರವು ಇಟ್ಟುಕೊಂಡರೆ ಈ ಮಕ್ಕಳು ಕೈತಪ್ಪುತ್ತಾರೆ.

ತಿಳಿಗೊಳ

ಎಲ್ಲರಿಗೂ ಧನ್ಯವಾದ. ಛೇದದ ಲೆಕ್ಕವನ್ನು ಹಾಗೇ ಸಾಮಗ್ರಿಗೆ ಸೇರಿಸುತ್ತೇನೆ. ಇನ್ನು ಮರಳಿ ಬಂದ ಮಕ್ಕಳ ವಿಷಯ ಉಳಿಯಿತು. ಮೊದಲ ವಾರ ಶಿಕ್ಷಕರು ನಿಜಕ್ಕೂ ಏನು ಮಾಡಬೇಕು? ಮತ್ತೆ, ರೇಡಿಯೊ ಅಥವಾ ಆನ್‌ಲೈನ್ ಪಾಠ ಎಷ್ಟರಮಟ್ಟಿಗೆ ತುಂಬಿಕೊಡುತ್ತದೆ?

ದೂರದಾರಿ

ವಯಸ್ಸಿನ ತರಗತಿಯೋ ಬಿಟ್ಟ ತರಗತಿಯೋ ಎಂಬ ಪ್ರಶ್ನೆಗೆ ಎರಡರಲ್ಲಿ ಒಂದನ್ನು ಆರಿಸಲು ಹೋದರೆ ಎರಡೂ ತಪ್ಪಾಗುತ್ತದೆ. ಹದಿಮೂರರ ಹುಡುಗಿಯನ್ನು ಎಂಟರ ಮಕ್ಕಳ ಜೊತೆ ಕೂರಿಸಿದರೆ ನಾಚಿಕೆಯಿಂದಲೇ ಶಾಲೆ ಬಿಡುತ್ತಾಳೆ. ವಯಸ್ಸಿನ ತರಗತಿಗೆ ಹಾಕಿ ಸುಮ್ಮನಾದರೆ ಕರಿಹಲಗೆಯ ಮೇಲಿನ ಅರ್ಧ ಅವಳಿಗೆ ತಿಳಿಯುವುದಿಲ್ಲ. ಹೆಸರು ವಯಸ್ಸಿಗೆ ಹತ್ತಿರದ ತರಗತಿಯಲ್ಲಿರಲಿ. ಓದು ಮತ್ತು ಲೆಕ್ಕದ ಅವಧಿಗೆ ಮಾತ್ರ ತರಗತಿ ಒಡೆದು ಮಟ್ಟದ ಪ್ರಕಾರ ಗುಂಪು ಮಾಡಿ.

ಮಟ್ಟ ತಿಳಿಯಲು ಲಿಖಿತ ಪರೀಕ್ಷೆ ಬೇಡ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಐದರಿಂದ ಹತ್ತು ನಿಮಿಷ ಬಾಯಿಮಾತಿನಲ್ಲಿ ನೋಡಿ: ಅಕ್ಷರ, ಪದ, ನಾಲ್ಕು ಸಾಲಿನ ಸರಳ ಪರಿಚ್ಛೇದ, ಸಣ್ಣ ಕಥೆ. ಲೆಕ್ಕದಲ್ಲಿ ಒಂದಂಕಿ ಗುರುತಿಸುವುದು, ಎರಡಂಕಿ ಗುರುತಿಸುವುದು, ದಶಕ ತೆಗೆದುಕೊಳ್ಳುವ ಕಳೆಯುವಿಕೆ, ಭಾಗಾಕಾರ. ಸರಾಗವಾಗಿ ಮಾಡಿದ ಕೊನೆಯ ಮೆಟ್ಟಿಲೇ ಮಗುವಿನ ಗುಂಪು. ಭಾರತದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ ಉಪಕರಣ ಇರುವುದೇ ಹೀಗೆ, ಪ್ರಥಮ್ ಸಂಸ್ಥೆ ಬೆಳೆಸಿದ ಮಟ್ಟಾನುಸಾರ ಬೋಧನೆ ನಿಂತಿರುವುದೂ ಇದರ ಮೇಲೆ. ಓದಿನ ಗುಂಪು ಮತ್ತು ಲೆಕ್ಕದ ಗುಂಪು ಬೇರೆ ಬೇರೆ ಇರಲಿ. ಶಾಲೆ ಬಿಟ್ಟು ವ್ಯಾಪಾರಕ್ಕೆ ನಿಂತ ಮಕ್ಕಳು ಬಾಯಿಲೆಕ್ಕದಲ್ಲಿ ಚುರುಕಾಗಿದ್ದು ಓದಿನಲ್ಲಿ ಅಕ್ಷರದ ಹಂತದಲ್ಲೇ ಇರಬಹುದು. ನಾಲ್ಕರಿಂದ ಆರು ವಾರಕ್ಕೊಮ್ಮೆ ಮತ್ತೆ ನೋಡಿ ಗುಂಪು ಬದಲಿಸಿ. ಹಾಗೆ ಬದಲಿಸದ ಶಾಲೆಯಲ್ಲಿ ಕೆಳಗುಂಪು "ದಡ್ಡರ ಗುಂಪು" ಎಂದು ಗಟ್ಟಿಯಾಗಿಬಿಡುತ್ತದೆ.

ಈ ಪರಿಶೀಲನೆಯನ್ನು ಬಂದ ಮೊದಲ ದಿನವೇ ಮಾಡಬೇಡಿ, ಮಣೆಬಳಪ ಅವರು ಹೇಳಿದ ಕಾರಣಕ್ಕೇ. ಮೊದಲ ವಾರ ದಿನಚರಿ ಕೂಡಿಸಲು ಮೀಸಲಿಡಿ. ಒಂದೇ ಸಮಯಕ್ಕೆ ಆರಂಭ, ಅದೇ ಜಾಗ, ದಿನದ ಅವಧಿಗಳ ಪಟ್ಟಿ ಗೋಡೆಯ ಮೇಲೆ, ಗಂಟೆಯ ಬದಲು ಚಪ್ಪಾಳೆ ಅಥವಾ ಹಾಡು. ಇದ್ದಕ್ಕಿದ್ದಂತೆ ಜೋರು ಸದ್ದು ಬೇಡ. ಏನಾಯಿತೆಂದು ತರಗತಿಯ ಮುಂದೆ ಹೇಳಿಸಬೇಡಿ, ಚಿತ್ರ ಬಿಡಿಸಿ ವಿವರಿಸು ಎಂದು ಒತ್ತಾಯಿಸಲೂ ಬೇಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ವಾರಗಳು ಕಳೆದರೂ ಮಾತಾಡದ, ಪದೇ ಪದೇ ಬೆಚ್ಚುವ, ಊಟ ಬಿಟ್ಟ ಮಗುವನ್ನು ತರಬೇತಿ ಪಡೆದವರ ಬಳಿ ಕಳಿಸಬೇಕು, ಅದು ಶಿಕ್ಷಕರ ಕೆಲಸವಲ್ಲ.

ಎಷ್ಟು ತಪ್ಪಿದೆ ಎಂಬುದರ ಮೇಲೆ ಕಾರ್ಯಕ್ರಮ ಆರಿಸಿ. ಕೆಲವು ತಿಂಗಳಿನಿಂದ ಒಂದು ವರ್ಷದವರೆಗಾದರೆ ತರಗತಿಯ ಜೊತೆಗೇ ಕೆಲವು ವಾರಗಳ ಪೂರಕ ಪಾಠ ಸಾಕು. ಹತ್ತು ವರ್ಷ ದಾಟಿದ, ಹಲವು ವರ್ಷ ತಪ್ಪಿಸಿಕೊಂಡ ಮಕ್ಕಳಿಗೆ ವೇಗವರ್ಧಿತ ಶಿಕ್ಷಣ ಬೇಕು. ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧದ ನಂತರ ಆರು ವರ್ಷದ ಪ್ರಾಥಮಿಕ ಶಿಕ್ಷಣವನ್ನು ಮೂರು ವರ್ಷಕ್ಕೆ ಇಳಿಸಿ ನಡೆಸಿದರು. ಪುಟ ಬೇಗ ತಿರುಗಿಸಿದರೆ ವೇಗ ಬರುವುದಿಲ್ಲ. ಪಠ್ಯದಲ್ಲಿ ಮರುಕಳಿಸುವ ಭಾಗ ತೆಗೆದು, ಓದು, ಬರಹ, ಲೆಕ್ಕಕ್ಕೆ ಸಮಯ ಹೆಚ್ಚಿಸಿ, ದೊಡ್ಡ ಮಕ್ಕಳು ಬೇಗ ಹಿಡಿಯುವುದನ್ನು ಬಳಸಿಕೊಂಡರೆ ಬರುತ್ತದೆ. ಇಂಥ ಕಾರ್ಯಕ್ರಮ ಸೋಲುವುದು ಹೆಚ್ಚಾಗಿ ಕೊನೆಯಲ್ಲಿ: ಮಗು ಮೂರು ವರ್ಷ ಓದಿ ಮುಗಿಸಿದ ಮೇಲೆ ಸರ್ಕಾರಿ ಪರೀಕ್ಷೆಗೆ ಕೂರಲು ಒಪ್ಪಿಗೆ ಇರುವುದಿಲ್ಲ. ಮೊದಲ ತರಗತಿ ಶುರುಮಾಡುವ ಮುನ್ನವೇ ಶಿಕ್ಷಣ ಇಲಾಖೆಯಿಂದ ಆ ಒಪ್ಪಿಗೆ ಬರೆಸಿಕೊಳ್ಳಿ.

ಗಡಿ ದಾಟಿದ ಮಕ್ಕಳದ್ದು ಮೂರನೇ ಬಗೆ, ಅವರಿಗೆ ಬೇಕಾದದ್ದು ಭಾಷೆಯ ಸೇತುವೆ. ಸಿರಿಯಾದಲ್ಲಿ ಗಣಿತ, ವಿಜ್ಞಾನವನ್ನು ಅರಬ್ಬಿಯಲ್ಲಿ ಕಲಿತ ಮಕ್ಕಳು ಲೆಬನಾನಿನಲ್ಲಿ ಅದೇ ವಿಷಯಗಳನ್ನು ಫ್ರೆಂಚ್ ಅಥವಾ ಇಂಗ್ಲಿಷಿನಲ್ಲಿ ಎದುರಿಸಬೇಕಾಯಿತು. ಅಲ್ಲಿ ಕಡಿಮೆ ಅಂಕ ಬಂದರೆ ಲೆಕ್ಕ ಬರುವುದಿಲ್ಲ ಎಂದಲ್ಲ. ಅದೇ ಲೆಕ್ಕವನ್ನು ಮಗುವಿನ ಭಾಷೆಯಲ್ಲಿ ಒಮ್ಮೆ ಕೇಳಿ ನೋಡಿ, ಗೊತ್ತಾಗುತ್ತದೆ.

ಎಣಿಕೆಮನೆ

ದೂರದಾರಿ ಅವರಿಗೆ ಒಂದು ಸೇರ್ಪಡೆ: ಮೊದಲ ಪರಿಶೀಲನೆಯ ದಿನಾಂಕವನ್ನೂ, ಹಿಂದಿನ ಎರಡು ವಾರಗಳಲ್ಲಿ ಊರಿನಲ್ಲಿ ದಾಳಿ ನಡೆದಿತ್ತೇ ಎಂಬುದನ್ನೂ ಬರೆದಿಡಿ. ಮೊದಲ ಅಳತೆ ಭಯದ ವಾರದಲ್ಲಿ, ಎರಡನೆಯದು ಶಾಂತ ವಾರದಲ್ಲಿ ಆದರೆ ಅಂಕ ತಾನಾಗಿಯೇ ಏರುತ್ತದೆ. ಆ ಏರಿಕೆಯನ್ನು ಕಾರ್ಯಕ್ರಮದ ಫಲ ಎಂದು ವರದಿ ಮಾಡಿಬಿಡುತ್ತಾರೆ.

ಮಣೆಬಳಪ

ದೂರಪಾಠದ ಬಗ್ಗೆ. ಉಕ್ರೇನಿನ ಖಾರ್ಕಿವ್‌ನಲ್ಲಿ ಆನ್‌ಲೈನ್ ಪಾಠ ಇದ್ದರೂ 2023ರ ಸೆಪ್ಟೆಂಬರಿನಿಂದ ಮೆಟ್ರೊ ನಿಲ್ದಾಣಗಳಲ್ಲಿ ತರಗತಿ ನಡೆಸಿದರು, ಆಮೇಲೆ ನೆಲದಡಿಯ ಶಾಲೆಯನ್ನೇ ಕಟ್ಟಿದರು. ಮುಖಾಮುಖಿ ಪಾಠಕ್ಕೆ ಅಷ್ಟು ಬೆಲೆ ಕೊಟ್ಟರು. ಈಗಾಗಲೇ ಸರಾಗವಾಗಿ ಓದಬಲ್ಲ ದೊಡ್ಡ ಮಕ್ಕಳಿಗೆ ಪರದೆಯ ಪಾಠ ಮಟ್ಟ ಉಳಿಸಿಕೊಳ್ಳಲು ನೆರವಾಗುತ್ತದೆ. ಅಕ್ಷರ ಕಲಿಯುತ್ತಿರುವ ಮಗುವಿಗೆ ಪಕ್ಕದಲ್ಲಿ ಕೂತು ತಪ್ಪು ತಿದ್ದುವವರು ಬೇಕು.

ವಿದ್ಯುತ್ತು, ಜಾಲ ಎರಡೂ ನಂಬಿಕೆಯಿಲ್ಲದ ಕಡೆ ರೇಡಿಯೊ ಮತ್ತು ಅಚ್ಚಾದ ಹಾಳೆಗಳನ್ನು ಜೋಡಿಸಿ. ಪಾಠ 20ರಿಂದ 30 ನಿಮಿಷ ಮೀರದಿರಲಿ, ಅದೇ ಪಾಠ ದಿನದಲ್ಲಿ ಎರಡು ಸಲ ಬರಲಿ, ಪ್ರತಿ ಪ್ರಶ್ನೆಯ ನಂತರ ಮಗು ಉತ್ತರ ಹೇಳುವಷ್ಟು ಮೌನ ಬಿಡಿ. ವಾರಕ್ಕೊಮ್ಮೆ ಯಾರಾದರೂ ಹಾಳೆ ಸಂಗ್ರಹಿಸಿ, ತಿದ್ದಿ ವಾಪಸು ಕೊಡಬೇಕು. ಈ ಕೊಂಡಿ ಕಳಚಿದರೆ ಮಕ್ಕಳು ಹಾಳೆ ತುಂಬುವುದನ್ನೇ ಬಿಡುತ್ತಾರೆ. ಹಾಳೆಗಳ ಮೇಲೆ ಮಗುವಿನ ಹೆಸರಿನ ಬದಲು ಸಂಖ್ಯೆ ಬರೆಯಿರಿ, ಪಟ್ಟಿ ಬೇರೆಡೆ ಇರಲಿ. ಯಾವ ಮನೆಯಲ್ಲಿ ಯಾವ ವಯಸ್ಸಿನ ಹುಡುಗರಿದ್ದಾರೆ ಎಂಬ ಕಾಗದ ಶಸ್ತ್ರಧಾರಿಗಳ ಕೈಗೆ ಸಿಗಬಾರದು.